ಕಿರುಚಲೆಂದೇ ಇಟ್ಟ ತಗಡು

ಮೈಸೂರಿನ ಕುವೆಂಪುನಗರದ ಒಂದು ಮನೆಯಂಗಳ. ಎಡ ಮುಂಚಕ್ರ ಕಳಚಿದ ಹಳೆಯ ಸಣ್ಣ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತವರು ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು. ಬಿಚ್ಚಿದ ಬ್ರೇಕ್ ಪ್ಯಾಡನ್ನು ಎದುರುಮನೆ ಹುಡುಗನ ಕೈಗಿಟ್ಟು, "ವಾರದಿಂದ ಕಿರುಚ್ತಿದ್ದದ್ದು ಇದೇ ಕಣೋ" ಎಂದರು. ಪ್ಯಾಡಿನ ಅಂಚಿನಲ್ಲೊಂದು ಉಗುರಗಲದ ಬಾಗಿದ ತಗಡು. ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಉಜ್ಜಿ ಉಜ್ಜಿ ಅದರ ತುದಿ ಥಳಥಳ ಹೊಳೆಯುತ್ತಿತ್ತು.

ಅದು ಕೆಟ್ಟದ್ದಲ್ಲ, ಬೇಕೆಂದೇ ಇಟ್ಟದ್ದು. ಪ್ಯಾಡಿನ ಪದರ ಸವೆದು ಎರಡು-ಮೂರು ಮಿಲಿಮೀಟರಿಗೆ ಇಳಿದಾಗ ತಗಡು ಡಿಸ್ಕಿಗೆ ತಾಗಿ ಕೂಗುತ್ತದೆ. ದುಬಾರಿ ಕಾರುಗಳಲ್ಲಿ ಇದರ ಬದಲು ತಂತಿಯಿದ್ದು, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. "ದೀಪ ಹತ್ತಿದ್ರೂ ತಿಂಗಳುಗಟ್ಟಲೆ ಓಡಿಸ್ತಾರೆ. ಈ ಸದ್ದನ್ನ ಯಾರು ತಡ್ಕೋತಾರೆ ಹೇಳು?" ಮೇಷ್ಟ್ರ ಮತ ತಗಡಿಗೇ.

ಈಗ ಹೀಗೆ ಉಪಕಾರಕ್ಕೆ ಬರುವ ಕಿರುಚಾಟವೇ ಡಿಸ್ಕ್ ಬ್ರೇಕಿಗೆ ಹುಟ್ಟಿನಿಂದ ಅಂಟಿದ ಪೀಡೆ. 1902ರಲ್ಲಿ ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಈ ಬ್ರೇಕಿಗೆ ಪೇಟೆಂಟ್ ಪಡೆದರು. ತಾಮ್ರದ ಪ್ಯಾಡು ಲೋಹದ ಡಿಸ್ಕಿಗೆ ಉಜ್ಜಿದರೆ ಕಿವಿ ಮುಚ್ಚಿಕೊಳ್ಳಬೇಕಿತ್ತು. ಕೆಲವು ವರ್ಷಗಳ ಬಳಿಕ ಕಲ್ನಾರಿನ ಪದರ ಕೊಟ್ಟು ಬಾಯಿ ಮುಚ್ಚಿಸಿದವರು ಹರ್ಬರ್ಟ್ ಫ್ರೂಡ್. ಇಳಿಜಾರಿನಲ್ಲಿ ಕುದುರೆಗಾಡಿಯವರು ಬ್ರೇಕಿಗೆ ಹಳೇ ಬೂಟು ಕಟ್ಟಿದ್ದನ್ನು ನೋಡಿ ಅವರಿಗೆ ಈ ಉದ್ಯಮ ಹೊಳೆಯಿತಂತೆ. 1953ರಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಲ ಮಾನ್ಸ್ ರೇಸು ಗೆದ್ದ ಮೇಲೆ ಉಳಿದವರೂ ಕಣ್ಣರಳಿಸಿದರು. ಆದರೆ ಆ ಕಲ್ನಾರು ಶ್ವಾಸಕೋಶಕ್ಕೆ ವಿಷ. ಇಂದಿಗೂ ಮೇಷ್ಟ್ರು ಬ್ರೇಕಿನ ಧೂಳನ್ನು ಊದುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ.

ಪ್ಯಾಡು ಬದಲಿಸುವ ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಹಿಂಚಕ್ರಕ್ಕೆ ಇಟ್ಟಿಗೆ ಕೊಟ್ಟು, ಚಕ್ರ ನೆಲದಲ್ಲಿರುವಾಗಲೇ ನಟ್ಟು ಸಡಿಲಿಸಬೇಕು. ಎತ್ತಿದ ಮೇಲೆ ಕೆಳಗೆ ಸ್ಟ್ಯಾಂಡ್ ಇರಲೇಬೇಕು. ಬರೀ ಜಾಕಿ ನಂಬಿ ಕೈ ಹಾಕುವವರನ್ನು ಕಂಡರೆ ಮೇಷ್ಟ್ರಿಗೆ ಮೈಯುರಿ. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಕೆಳಗಿನ ಬೋಲ್ಟು ಬಿಚ್ಚಿ ಮೇಲೆತ್ತಿದರೆ ಪ್ಯಾಡುಗಳು ಕೈಗೆ ಬರುತ್ತವೆ.

ಹೊಸ ಪ್ಯಾಡು ದಪ್ಪ, ಹಾಗಾಗಿ ಪ್ಯಾಡನ್ನು ಒತ್ತುತ್ತ ಹೊರಬಂದ ಪಿಸ್ಟನ್ ಒಳಸರಿಯಬೇಕು. ಹಳೇ ಪ್ಯಾಡನ್ನು ಅಡ್ಡ ಕೊಟ್ಟು ಮೇಷ್ಟ್ರು ಕ್ಲ್ಯಾಂಪನ್ನು ಕಾಲು ಸುತ್ತು, ಕಾಲು ಸುತ್ತು ತಿರುಗಿಸಿದರು. ಅತ್ತ ಬಾನೆಟ್ಟಿನಡಿಯ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರತೊಡಗಿತು. ಚೆಲ್ಲಿದರೆ ಕಾರಿನ ಬಣ್ಣವನ್ನೇ ತಿನ್ನುವ ದ್ರವವದು. ಬಟ್ಟೆ ಹಿಡಿದು ಕಾವಲು ನಿಂತ ಹುಡುಗ, "ಸಾರ್, ಅಂಚಿಗೆ ಬಂತು!" ಎಂದು ಕೂಗಿದ.

ಬಲಚಕ್ರಕ್ಕೂ ಅದೇ ಉಪಚಾರ. ಪ್ಯಾಡನ್ನು ಯಾವತ್ತೂ ಎರಡೂ ಬದಿಗೆ ಒಟ್ಟಿಗೇ ಬದಲಿಸಬೇಕು. ಎಲ್ಲ ಮುಗಿದರೂ ಎಂಜಿನ್ ಚಾಲೂ ಮಾಡುವ ಮುನ್ನ ಪೆಡಲನ್ನು ಗಟ್ಟಿಯಾಗುವವರೆಗೂ ತುಳಿಯಬೇಕು. ಮರೆತರೆ ಮೊದಲ ಒತ್ತಿಗೆ ಪೆಡಲು ಸೀದಾ ತಳಕ್ಕಿಳಿಯುತ್ತದೆ, ಕಾರು ಗೇಟಿಗೆ ಗುದ್ದುತ್ತದೆ.

ಹಿಂಚಕ್ರದ ಡ್ರಮ್ ಬ್ರೇಕಿಗೆ ಮಾತ್ರ ಮೇಷ್ಟ್ರು ಕೈ ಹಾಕುವುದಿಲ್ಲ. ಅದರೊಳಗಿನ ಸ್ಪ್ರಿಂಗುಗಳನ್ನು ಒಂದೊಂದಾಗಿ ಕೂರಿಸುವ ತಾಳ್ಮೆ ತಮಗಿಲ್ಲವೆಂದು ಆ ಕೆಲಸವನ್ನು ಗ್ಯಾರೇಜಿಗೇ ಬಿಟ್ಟಿದ್ದಾರೆ.