‘ಗೆಲ್ಡಿಂಗ್’ ಶಬ್ದದ ಅರ್ಥಚರಿತ್ರೆ

ಇಂಗ್ಲಿಷಿನಲ್ಲಿ ‘ಗೆಲ್ಡಿಂಗ್’ ಎಂಬ ಶಬ್ದವು ಈಗ ಬೀಜ ಒಡೆದ ಕುದುರೆಗೆ ಸಲ್ಲುವ ಹೆಸರು. ನಿಘಂಟನ್ನು ತೆರೆದವನಿಗೆ ಮೊದಲು ದೊರೆಯುವ ಅರ್ಥವೂ ಇದೇ. ಆದರೆ ಈ ಒಂದೇ ಅರ್ಥವನ್ನು ಹಿಡಿದು ಹದಿನಾಲ್ಕನೆಯ ಶತಮಾನದ ಗ್ರಂಥಗಳನ್ನು ಓದತೊಡಗಿದರೆ ಎರಡು ಬಗೆಯ ಪ್ರಮಾದಗಳು ಸಂಭವಿಸುತ್ತವೆ. ಗೌರವದ ಸ್ಥಾನದಲ್ಲಿರುವ ಶಬ್ದವು ಬೈಗಳಾಗಿ ತೋರುವುದು ಒಂದು. ಬೈಗಳೆಂದೇ ಬಳಸಿದ ಶಬ್ದದಿಂದ ಕವಿಯ ಸಂದೇಹಗರ್ಭಿತವಾದ ಧ್ವನಿಯು ಮರೆಯಾಗುವುದು ಮತ್ತೊಂದು. ಆಂಗ್ಲ ಸಾಹಿತ್ಯವನ್ನು ಕನ್ನಡದಲ್ಲಿ ವಿವರಿಸಬೇಕಾದವರಿಗೆ ಈ ಪ್ರಮಾದಗಳು ಅಲ್ಪವಾದುವಲ್ಲ. ಆದಕಾರಣ ಶಬ್ದದ ಮೂಲವನ್ನೂ ಪ್ರಯೋಗವನ್ನೂ ಕ್ರಮವಾಗಿ ಪರಿಶೀಲಿಸುವುದು ಉಚಿತವಾಗಿದೆ.

೧

ಈ ಶಬ್ದವು ಇಂಗ್ಲಿಷಿನ ಸ್ವಂತ ಸೊತ್ತಲ್ಲ. ಪ್ರಾಚೀನ ನಾರ್ಸ್ ಭಾಷೆಯಿಂದ ಬಂದುದು. ಒಂಬತ್ತನೆಯ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಸ್ಕ್ಯಾಂಡಿನೇವಿಯದ ಜನರು ನೆಲಸಿದುದರ ಫಲವಾಗಿ ನಿತ್ಯಜೀವನದ ಅನೇಕ ಶಬ್ದಗಳು ಅಲ್ಲಿ ಬೇರೂರಿದುವು. ನಾರ್ಸಿನಲ್ಲಿ ‘ಗೆಲ್ಡರ್’ ಎಂದರೆ ಫಲವಿಲ್ಲದ, ಹಾಲು ಕೊಡದ ಎಂದರ್ಥ. ಕನ್ನಡದ ‘ಗೊಡ್ಡು’ ಎಂಬ ಶಬ್ದವು ಇದಕ್ಕೆ ಸರಿಯಾಗಿ ಹೊಂದುತ್ತದೆ. ಇದರಿಂದ ‘ಗೆಲ್ಡ’, ಎಂದರೆ ಗೊಡ್ಡು ಮಾಡು, ಬೀಜ ಒಡೆ ಎಂಬ ಕ್ರಿಯಾಪದವೂ, ‘ಗೆಲ್ಡಿಂಗರ್’ ಎಂಬ ನಾಮಪದವೂ ಹುಟ್ಟಿದುವು. ಮೂಲಾರ್ಥದಲ್ಲಿ ಗಂಡು ಹೆಣ್ಣೆಂಬ ಭೇದವಾಗಲಿ, ಕುದುರೆಯೆಂಬ ನಿಯಮವಾಗಲಿ ಇರಲಿಲ್ಲವೆಂಬುದು ಗಮನಾರ್ಹ.

ಇಲ್ಲಿಯ ‘ಇಂಗ್’ ಎಂಬ ಪ್ರತ್ಯಯದ ವಿಷಯದಲ್ಲಿ ವಿದ್ಯಾರ್ಥಿಗಳು ಮೋಸಹೋಗುವುದುಂಟು. ಇದು ವರ್ತಮಾನ ಕೃದಂತದ ಪ್ರತ್ಯಯವಲ್ಲ. ಒಂದು ಗುಣ ಅಥವಾ ಸಂಬಂಧವುಳ್ಳವನು ಎಂದು ಸೂಚಿಸುವ ತದ್ಧಿತದಂತಹ ಪ್ರತ್ಯಯವಿದು. ನಾಲ್ಕನೆಯ ಒಂದು ಭಾಗವಾದ ನಾಣ್ಯಕ್ಕೆ ‘ಫಾರ್ದಿಂಗ್’ ಎಂಬ ಹೆಸರು ಬಂದುದೂ, ಕುಲವೆಂಬರ್ಥದ ‘ಕ್ಯುನ್’ ಶಬ್ದದಿಂದ ‘ಕ್ಯುನಿಂಗ್’, ಎಂದರೆ ಇಂದಿನ ‘ಕಿಂಗ್’, ಆದುದೂ ಇದೇ ರೀತಿಯಿಂದ. ಬೀಜ ಒಡೆಯುವ ಕೆಲಸಕ್ಕೂ ‘ಗೆಲ್ಡಿಂಗ್’ ಎಂದೇ ಹೆಸರಿದೆಯಾದರೂ ಅದು ಕ್ರಿಯಾಪದದಿಂದ ಬೇರೆಯಾಗಿ ಸಿದ್ಧವಾದ ಭಾವನಾಮ. ರೂಪ ಒಂದೇ, ಹುಟ್ಟು ಎರಡು.

ಇದೇ ಮೂಲದ ದೇಶೀಯ ರೂಪವೂ ಹಳೆಯ ಇಂಗ್ಲಿಷಿನಲ್ಲಿತ್ತು. ಆದರೆ ಸ್ವದೇಶೀಯ ಶಬ್ದಗಳಲ್ಲಿ ಎಕಾರದ ಹಿಂದಿನ ಗಕಾರವು ಯಕಾರವಾಗುವುದು ಆ ಭಾಷೆಯ ನಿಯಮ. ಅದರಂತೆ ಹಾಲಿಲ್ಲದ ಹಸುವಿಗೆ ಸ್ಕಾಟ್ಲೆಂಡಿನ ಮಾತಿನಲ್ಲಿ ‘ಯೆಲ್ಡ್’ ಎಂಬ ವಿಶೇಷಣವು ಉಳಿದಿದೆ. ‘ಗೆಲ್ಡಿಂಗ್’ ಎಂಬಲ್ಲಿ ಗಕಾರವು ಕೆಡದೆ ನಿಂತಿರುವುದೇ ಅದು ಹೊರಗಿನಿಂದ ಬಂದುದಕ್ಕೆ ಸಾಕ್ಷಿ.

ರೂಪಸಾಮ್ಯದಿಂದಾಗುವ ಇನ್ನೊಂದು ಭ್ರಾಂತಿಯನ್ನೂ ಇಲ್ಲಿಯೇ ಪರಿಹರಿಸಬೇಕು. ಇಂಗ್ಲೆಂಡಿನ ಇತಿಹಾಸದಲ್ಲಿ ‘ಡೇನ್‌ಗೆಲ್ಡ್’ ಎಂಬ ತೆರಿಗೆ ಪ್ರಸಿದ್ಧವಾಗಿದೆ. ೯೯೧ರಲ್ಲಿ ಮಾಲ್ಡನ್ ಯುದ್ಧವಾದ ಮೇಲೆ ಡೇನರಿಗೆ ಹತ್ತು ಸಾವಿರ ಪೌಂಡು ತೂಕದ ಬೆಳ್ಳಿಯನ್ನು ಕೊಟ್ಟು ಶಾಂತಿಯನ್ನು ಕೊಂಡರು. ಈ ‘ಗೆಲ್ಡ್’ ಎಂಬುದು ಸಲ್ಲಿಸು ಎಂಬರ್ಥದ ಬೇರೊಂದು ಧಾತುವಿನಿಂದ ಬಂದುದು. ಇಂದಿನ ‘ಯೀಲ್ಡ್’ ಎಂಬ ಕ್ರಿಯಾಪದವು ಅದರ ಬಂಧು. ತೆರಿಗೆಯ ಹೆಸರಿನಲ್ಲಿ ಗಕಾರವು ಉಳಿದುದು ಮಧ್ಯಯುಗದ ಲ್ಯಾಟಿನ್ ದಾಖಲೆಗಳ ‘ಗೆಲ್ಡುಮ್’ ಎಂಬ ರೂಪದ ಮೂಲಕ. ಪ್ರಜೆಗಳ ಶಕ್ತಿಯನ್ನು ಕುಂದಿಸಿದ ತೆರಿಗೆಯಾದುದರಿಂದ ಆ ಹೆಸರು ಬಂದಿತೆಂಬ ಊಹೆಯು ಚಮತ್ಕಾರವೇ ಹೊರತು ಶಾಸ್ತ್ರವಲ್ಲ.

೨

ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ಈ ಶಬ್ದವು ಮನುಷ್ಯರಿಗೂ ಪ್ರಾಣಿಗಳಿಗೂ ಸಮಾನವಾಗಿ ಸಲ್ಲುತ್ತಿತ್ತು. ವಿಕ್ಲಿಫನ ಹೆಸರಿನಿಂದ ಪ್ರಸಿದ್ಧವಾದ ಬೈಬಲಿನ ಅನುವಾದದಲ್ಲಿ, ಕಂದಾಕೆ ರಾಣಿಯ ಕೋಶಾಧಿಕಾರಿಯಾಗಿದ್ದ ಇಥಿಯೋಪಿಯದ ಮಹಾಪುರುಷನನ್ನು ‘ಗೆಲ್ಡಿಂಗ್’ ಎಂದೇ ಕರೆದಿದೆ. ಮತ್ತಾಯನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದಲ್ಲಿಯೂ ಇದೇ ಶಬ್ದವುಂಟು. ಮೂಲವಾದ ಲ್ಯಾಟಿನ್ ಬೈಬಲಿನಲ್ಲಿದ್ದುದು ‘ಯೂನುಖುಸ್’ ಎಂಬ ಗ್ರೀಕ್ ಮೂಲದ ಶಬ್ದ. ಅನುವಾದಕರ ಉದ್ದೇಶವು ಸಾಮಾನ್ಯ ಜನರಿಗೆ ಅರ್ಥವಾಗುವ ಮಾತನ್ನಿಡುವುದಾಗಿತ್ತು. ಹೊಲಗದ್ದೆಯ ಜನರ ಬಾಯಲ್ಲಿದ್ದ ಶಬ್ದವನ್ನು ಅವರು ಸಂಕೋಚವಿಲ್ಲದೆ ಎತ್ತಿಕೊಂಡರು. ಇಲ್ಲಿ ನಿಂದೆಯ ಲೇಶವೂ ಇಲ್ಲ.

ಆದರೆ ಈ ಅನುವಾದದಲ್ಲಿ ಒಂದು ನಷ್ಟವೂ ಆಯಿತು. ಗ್ರೀಕಿನ ಶಬ್ದಕ್ಕೆ ‘ಶಯ್ಯೆಯನ್ನು ಕಾಯುವವನು’ ಎಂಬುದು ವ್ಯುತ್ಪತ್ತಿ. ಅದು ಮೊದಲು ಅಧಿಕಾರದ ಹೆಸರು, ಆಮೇಲೆ ದೇಹಸ್ಥಿತಿಯ ಹೆಸರು. ‘ಗೆಲ್ಡಿಂಗ್’ ಎಂಬಲ್ಲಿ ಅಧಿಕಾರವು ಅಳಿದು ದೇಹಸ್ಥಿತಿ ಮಾತ್ರ ಉಳಿಯಿತು. ೧೫೨೬ರಲ್ಲಿ ಮೊದಲು ಅಚ್ಚಾದ ಟಿಂಡೇಲನ ಅನುವಾದವು ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದು, ಇಥಿಯೋಪಿಯದವನನ್ನು ಅರಮನೆಯ ‘ಚೇಂಬರ್‌ಲೇನ್’ ಎಂದಿತು. ಹೀಗೆ ಅಧಿಕಾರವು ಉಳಿದು ದೇಹಸ್ಥಿತಿಯು ಮರೆಯಾಯಿತು. ಕೊನೆಗೆ ೧೬೧೧ರ ಅನುವಾದವು ಗ್ರೀಕ್ ಶಬ್ದವನ್ನೇ ತತ್ಸಮವಾಗಿ ‘ಯೂನಕ್’ ಎಂದು ಉಳಿಸಿಕೊಂಡಿತು. ಮನುಷ್ಯನಿಗೆ ಗ್ರೀಕ್ ತತ್ಸಮ, ಕುದುರೆಗೆ ನಾರ್ಸ್ ತದ್ಭವ ಎಂಬ ವ್ಯವಸ್ಥೆಯು ಇದರಿಂದ ಬಲಗೊಂಡಿತು. ಸಂಸ್ಕೃತ ಸಾಹಿತ್ಯವು ಅಂತಃಪುರದ ವೃದ್ಧ ಅಧಿಕಾರಿಯಾದ ಕಂಚುಕಿಯನ್ನೂ ನಪುಂಸಕನಾದ ವರ್ಷವರನನ್ನೂ ಬೇರೆ ಬೇರೆ ಶಬ್ದಗಳಿಂದ ಗುರುತಿಸಿತು. ಆಂಗ್ಲ ಅನುವಾದಕರಿಗೆ ಅಂತಹ ಅನುಕೂಲವಿರಲಿಲ್ಲ.

೩

ವಿಕ್ಲಿಫನ ಸಮಕಾಲೀನನಾದ ಚಾಸರನ ಪ್ರಯೋಗವು ಬೇರೆ ಬಗೆಯದು. ‘ಕ್ಯಾಂಟರ್ಬರಿ ಕಥೆಗಳ’ ಪೀಠಿಕೆಯಲ್ಲಿ ಪಾಪಕ್ಷಮೆಯ ಪತ್ರಗಳನ್ನು ಮಾರುವ ಪಾರ್ಡನರನನ್ನು ಬಣ್ಣಿಸುವಾಗ, ಅವನಿಗೆ ಗಡ್ಡವಿಲ್ಲವೆಂದೂ ದನಿಯು ಆಡಿನ ದನಿಯಂತೆ ಸಣ್ಣದೆಂದೂ ಹೇಳಿ, ಇವನು ಗೆಲ್ಡಿಂಗೋ ಹೆಣ್ಣು ಕುದುರೆಯೋ ಇರಬೇಕೆಂದು ಕಥಕನು ಊಹಿಸುತ್ತಾನೆ. ಹೆಣ್ಣು ಕುದುರೆಯೊಡನೆ ಜೋಡಿಸಿದುದರಿಂದ ಇಲ್ಲಿ ಶಬ್ದವು ಪಶುವಿನ ಕಡೆಗೆ ವಾಲುತ್ತದೆ. ಸಂತೆಯಲ್ಲಿ ಕುದುರೆಯನ್ನು ಪರೀಕ್ಷಿಸುವವನ ಕಣ್ಣಿನಿಂದ ಕಥಕನು ಮನುಷ್ಯನನ್ನು ಪರೀಕ್ಷಿಸುತ್ತಿದ್ದಾನೆ. ವ್ಯಂಗ್ಯವೆಲ್ಲವೂ ಈ ವಾಲಿಕೆಯಲ್ಲಿದೆ.

೧೯೧೯ರಲ್ಲಿ ವಾಲ್ಟರ್ ಕ್ಲೈಡ್ ಕರಿ ಎಂಬ ವಿದ್ವಾಂಸನು ಮಧ್ಯಯುಗದ ಸಾಮುದ್ರಿಕ ಗ್ರಂಥಗಳನ್ನು ಶೋಧಿಸಿ, ಪಾರ್ಡನರನ ಲಕ್ಷಣಗಳು ಹುಟ್ಟಿನಿಂದಲೇ ನಪುಂಸಕನಾದವನ ಲಕ್ಷಣಗಳೆಂದು ವಾದಿಸಿದನು. ಆ ವಾದವನ್ನೊಪ್ಪಿದರೆ ಶಸ್ತ್ರಕ್ರಿಯೆಯ ಅರ್ಥವಿರುವ ‘ಗೆಲ್ಡಿಂಗ್’ ಎಂಬುದು ಅಕ್ಷರಶಃ ಹೊಂದುವುದಿಲ್ಲ. ಅನಂತರದ ವಿಮರ್ಶಕರಲ್ಲಿ ಅನೇಕರು ಕಥಕನು ಹೇಳುವುದು ನಿಶ್ಚಯವಲ್ಲ, ಬರಿಯ ಊಹೆ ಎಂಬುದಕ್ಕೆ ಪ್ರಾಧಾನ್ಯವಿತ್ತರು. ‘ಇದೋ ಅದೋ’ ಎಂಬ ವಿಕಲ್ಪವೇ ಕವಿಯ ಉದ್ದೇಶ. ಅದನ್ನು ‘ಷಂಡ’ ಎಂಬ ಒಂದೇ ಕನ್ನಡ ಶಬ್ದದಿಂದ ಅನುವಾದಿಸಿದರೆ ಕವಿಯು ತೆರೆದಿಟ್ಟ ಬಾಗಿಲನ್ನು ಅನುವಾದಕನು ಮುಚ್ಚಿದಂತಾಗುವುದು.

ಷೇಕ್ಸ್‌ಪಿಯರನ ಕಾಲಕ್ಕೆ ‘ಗೆಲ್ಡ್’ ಎಂಬ ಕ್ರಿಯಾಪದವು ಲಕ್ಷಣಾರ್ಥದಲ್ಲಿ ಬಹಳವಾಗಿ ಹಬ್ಬಿತ್ತು. ‘ಎರಡನೆಯ ರಿಚರ್ಡ್’ ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯನ್ನು ಕಳೆದುಕೊಂಡ ಬೋಲಿಂಗ್‌ಬ್ರೋಕನ ವಿಷಯದಲ್ಲಿಯೂ, ‘ಆರನೆಯ ಹೆನ್ರಿ’ಯ ಎರಡನೆಯ ಭಾಗದಲ್ಲಿ ರಾಜ್ಯವನ್ನು ಬಲಹೀನಗೊಳಿಸಿದನೆಂಬ ಆರೋಪದಲ್ಲಿಯೂ ಇದೇ ಕ್ರಿಯಾಪದವುಂಟು. ಗ್ರಂಥದಿಂದ ಹಾಳೆಗಳನ್ನು ತೆಗೆದುಹಾಕುವುದಕ್ಕೆ ಇದರ ಲ್ಯಾಟಿನ್ ಪರ್ಯಾಯವಾದ ‘ಕ್ಯಾಸ್ಟ್ರೇಟ್’ ಎಂಬುದು ಪಾರಿಭಾಷಿಕ ಶಬ್ದವಾಯಿತು. ಹಾಲಿನ್‌ಷೆಡ್ಡನ ಇತಿಹಾಸದ ೧೫೮೭ರ ಮುದ್ರಣದಿಂದ ರಾಜಸಭೆಯ ಆಜ್ಞೆಯಂತೆ ತೆಗೆಸಿದ ಭಾಗಗಳನ್ನು ‘ಕ್ಯಾಸ್ಟ್ರೇಷನ್ಸ್’ ಎಂದೇ ಗ್ರಂಥವಿದರು ಕರೆಯುವರು.

೪

ಕುದುರೆಗೆ ಈ ಸಂಸ್ಕಾರವನ್ನು ಮಾಡುವ ಪದ್ಧತಿಯು ಇಂಗ್ಲೆಂಡಿನಲ್ಲಿ ಹುಟ್ಟಿದುದಲ್ಲ. ಸಿಥಿಯರೂ ಸರ್ಮೇಷಿಯರೂ ತಮ್ಮ ಚಿಕ್ಕದಾದರೂ ಚುರುಕಾದ ಕುದುರೆಗಳು ಹಿಡಿತಕ್ಕೆ ಬರಲೆಂದು ಹೀಗೆ ಮಾಡುತ್ತಿದ್ದರೆಂದು ಗ್ರೀಕ್ ಭೂಗೋಳಜ್ಞನಾದ ಸ್ಟ್ರೇಬೋ ತಿಳಿಸಿದ್ದಾನೆ. ಪದ್ಧತಿಯು ಪೂರ್ವದಿಂದ ಬಂದಿತೆಂಬ ಭಾವನೆಯು ಯೂರೋಪಿನ ಭಾಷೆಗಳಲ್ಲಿಯೂ ನೆಲೆಗೊಂಡಿದೆ: ಇಂತಹ ಕುದುರೆಗೆ ಫ್ರೆಂಚಿನಲ್ಲಿ ‘ಹಂಗೇರಿಯದು’ ಎಂಬರ್ಥದ ‘ಓಂಗ್ರ್’ ಎಂದೂ, ಜರ್ಮನಿನಲ್ಲಿ ವಲಾಕಿಯ ದೇಶದ ಹೆಸರಿನಿಂದ ‘ವಲ್ಲಾಖ್’ ಎಂದೂ ಹೆಸರು. ಮೊಗಲರ ಆಸ್ಥಾನದಲ್ಲಿ ಇಂತಹ ಕುದುರೆಗಳ ಮೇಲ್ವಿಚಾರಕನಿಗೆ ‘ಆಖ್ತಾಬೇಗಿ’ ಎಂಬ ಬಿರುದಿತ್ತು. ಪಾರಸಿಯ ‘ಆಖ್ತಾ’ ಎಂಬುದು ಇದೇ ಅರ್ಥದ್ದು.

ಪಂದ್ಯದ ಕುದುರೆಗಳಲ್ಲಿ ಈ ಶಬ್ದಕ್ಕೆ ಹೀನಾರ್ಥವು ಉಳಿದಿಲ್ಲ. ೧೭೮೦ರಲ್ಲಿ ಆರಂಭವಾದ ಎಪ್ಸಮ್ ಡರ್ಬಿಯಲ್ಲಿ ಇವಕ್ಕೆ ಪ್ರವೇಶವಿಲ್ಲವೆಂಬುದು ನಿಜ. ಉತ್ತಮ ತಳಿಯನ್ನು ಆರಿಸುವುದು ಅಂತಹ ಪಂದ್ಯಗಳ ಉದ್ದೇಶವಾದುದೇ ಅದಕ್ಕೆ ಕಾರಣ, ವೇಗದ ಕೊರತೆಯಲ್ಲ. ೧೯೩೦ರ ಮೆಲ್ಬರ್ನ್ ಕಪ್ಪನ್ನು ಗೆದ್ದ ‘ಫಾರ್ ಲ್ಯಾಪ್’ ಗೆಲ್ಡಿಂಗೇ ಆಗಿತ್ತು.

೫

ಈ ಅರ್ಥಕ್ಷೇತ್ರದ ಶಬ್ದಗಳು ಕಾಲಾಂತರದಲ್ಲಿ ತಲೆಕೆಳಗಾಗುವುದು ವಿಚಿತ್ರವಾದರೂ ಅಪೂರ್ವವಲ್ಲ. ಪ್ರಾಚೀನ ಜರ್ಮನಿನಲ್ಲಿ ‘ಹೆಂಗಿಸ್ಟ್’ ಎಂದರೆ ಬೀಜ ಒಡೆದ ಕುದುರೆ. ಅದೇ ಶಬ್ದವು ಇಂದಿನ ಜರ್ಮನಿನಲ್ಲಿ ‘ಹೆಂಗ್‌ಸ್ಟ್’ ಎಂದಾಗಿ ಬೀಜದ ಕುದುರೆಯನ್ನು ಹೇಳುತ್ತದೆ. ಇಂಗ್ಲಿಷಿನ ‘ಆಕ್ಸ್’ ಎಂಬುದು ಸಂಸ್ಕೃತದ ‘ಉಕ್ಷನ್’ ಶಬ್ದದ ಜ್ಞಾತಿ. ಅಲ್ಲಿ ಉಳುವ ಎತ್ತು, ಇಲ್ಲಿ ವೀರ್ಯವಂತವಾದ ವೃಷಭ. ಬೀಜ ಒಡೆದ ಟಗರಿಗೆ ಸಲ್ಲುವ ‘ವೆದರ್’ ಎಂಬುದು ‘ವತ್ಸ’ ಶಬ್ದದ ದೂರದ ಬಂಧು. ಅದರ ಮೂಲಾರ್ಥವು ಒಂದು ವರ್ಷದ ಮರಿ ಎಂಬುದಷ್ಟೆ.

ಭಾರತೀಯ ಭಾಷೆಗಳಲ್ಲಿಯೂ ಇದಕ್ಕೆ ನಿದರ್ಶನವಿದೆ. ಅಮರಕೋಶದ ವೈಶ್ಯವರ್ಗದಲ್ಲಿ ‘ಷಂಡ’ ಎಂಬುದು ಗೂಳಿಯ ಹೆಸರು. ಕ್ಷತ್ರಿಯವರ್ಗದಲ್ಲಿ ಮಹಾಪ್ರಾಣವುಳ್ಳ ‘ಷಂಢ’ ಎಂಬುದು ವರ್ಷವರನ ಪರ್ಯಾಯ. ಕನ್ನಡದ ರೂಢಿಯಲ್ಲಿ ಮಹಾಪ್ರಾಣವು ಸವೆದುಹೋಗಿ, ಗೂಳಿಯ ಹೆಸರೇ ನಪುಂಸಕನ ಹೆಸರಾಗಿ ನಿಂತಿತು. ಇದಕ್ಕಿಂತ ಪ್ರಾಚೀನವಾದುದು ಋಗ್ವೇದದ ‘ವಧ್ರಿ’. ಮೊದಲನೆಯ ಮಂಡಲದ ಮೂವತ್ತೆರಡನೆಯ ಸೂಕ್ತದಲ್ಲಿ, ಇಂದ್ರನಿಗೆ ಸಮನಾಗಬಯಸಿದ ವೃತ್ರನನ್ನು ವೃಷಭಕ್ಕೆ ಸಾಟಿಯಾಗಬಯಸಿದ ವಧ್ರಿಗೆ ಹೋಲಿಸಿದೆ. ಹೊಡೆ ಎಂಬರ್ಥದ ಧಾತುವಿನಿಂದ ಅದು ನಿಷ್ಪನ್ನವಾದುದೆಂಬುದನ್ನು ನೋಡಿದರೆ ಕನ್ನಡದ ‘ಬೀಜ ಒಡೆ’ ಎಂಬ ರೈತರ ನುಡಿಗಟ್ಟಿನ ಹಿಂದೆಯೂ ಅದೇ ಕ್ರಿಯೆಯ ನೆನಪಿರುವುದು ವ್ಯಕ್ತವಾಗುತ್ತದೆ.

ಒಟ್ಟಿನಲ್ಲಿ, ಗೊಡ್ಡುತನವನ್ನು ಮಾತ್ರ ಹೇಳುತ್ತಿದ್ದ ಶಬ್ದವು ಮನುಷ್ಯನಿಗೂ ಪಶುವಿಗೂ ಸಂದು, ಆಮೇಲೆ ಮನುಷ್ಯನನ್ನು ಬಿಟ್ಟು ಕುದುರೆಯಲ್ಲಿ ನೆಲಸಿತು. ವಿಕ್ಲಿಫನ ಅನುವಾದವನ್ನು ಓದುವಾಗ ಇಂದಿನ ಅರ್ಥವನ್ನು ಮರೆಯಬೇಕು. ಚಾಸರನನ್ನು ಓದುವಾಗ ಎರಡು ಅರ್ಥಗಳನ್ನೂ ಒಟ್ಟಿಗೆ ನೆನೆಯಬೇಕು. ಷೇಕ್ಸ್‌ಪಿಯರನಲ್ಲಿ ದೇಹವನ್ನು ಬಿಟ್ಟು ಆಸ್ತಿಯನ್ನೂ ರಾಜ್ಯವನ್ನೂ ನೋಡಬೇಕು. ಕನ್ನಡದಲ್ಲಿ ಅರ್ಥ ಹೇಳುವವರು ಮೂರು ಕಡೆಗೂ ಒಂದೇ ಶಬ್ದವನ್ನಿಡದೆ, ಮೊದಲನೆಯದಕ್ಕೆ ‘ನಪುಂಸಕ’ನೆಂದೂ, ಎರಡನೆಯದಕ್ಕೆ ‘ಬೀಜ ಒಡೆದ ಕುದುರೆ’ಯೆಂದೂ, ಮೂರನೆಯದಕ್ಕೆ ‘ಸತ್ತ್ವವನ್ನು ಕಿತ್ತುಕೊಳ್ಳು’ ಎಂದೂ ಪ್ರಕರಣಾನುಸಾರವಾಗಿ ಬಳಸಿದರೆ ಗ್ರಂಥಕರ್ತರ ಅಭಿಪ್ರಾಯಕ್ಕೆ ಹಾನಿಯಾಗದು.