ಜಾಹೀರಾತಿಗೆ ಅಲಂಕಾರವಿರಲಿ, ಮುಸುಕು ಬೇಡ

ವಾರಪತ್ರಿಕೆಯ ಪುಟ ತಿರುವುತ್ತಿರುವಾಗ ಧಾರಾವಾಹಿಯ ಪಕ್ಕದಲ್ಲಿಯೇ ಕೂದಲೆಣ್ಣೆಯ ಜಾಹೀರಾತು ಕಣ್ಣಿಗೆ ಬೀಳುತ್ತದೆ. ಅದು ಕಥೆಯ ಭಾಗವೆಂದು ಯಾವ ಓದುಗನೂ ಭ್ರಮಿಸುವುದಿಲ್ಲ. ಎರಡರ ನಡುವೆ ಒಂದು ಗೆರೆಯಿದೆ. ಅಕ್ಷರದ ಅಚ್ಚೂ ಬೇರೆ. ಹಣ ಕೊಟ್ಟು ಹಾಕಿಸಿದ ಬರಹ ಲೇಖನದ ರೂಪದಲ್ಲಿಯೇ ಬಂದರೆ ಅದರ ತಲೆಯ ಮೇಲೆ ‘ಜಾಹೀರಾತು’ ಎಂದು ಮುದ್ರಿಸುವುದು ಮರ್ಯಾದಸ್ಥ ಪತ್ರಿಕೆಗಳ ಸಂಪ್ರದಾಯ. ಆ ಸಣ್ಣ ಗೆರೆಯಲ್ಲಿ, ಆ ಒಂದು ಪದದಲ್ಲಿ ಓದುಗನ ನಂಬಿಕೆ ನಿಂತಿದೆ.

ಜಾಲತಾಣಗಳ ಒಡೆಯರ ಮುಂದೆ ಇಂದು ನಿಂತಿರುವ ಪ್ರಶ್ನೆಯೂ ಇದೇ. ಮಲೆನಾಡಿನ ಗೃಹಿಣಿಯೊಬ್ಬರು ಅಡುಗೆಯ ಜಾಲತಾಣವನ್ನು ನಡೆಸುತ್ತಿರುವರೆಂದು ಭಾವಿಸೋಣ. ಪತ್ರೊಡೆ, ಕಳಲೆಯ ಪಲ್ಯ, ಅಪ್ಪೆಹುಳಿಗಳನ್ನು ಮಾಡುವ ಕ್ರಮವನ್ನು ಚಿತ್ರಸಹಿತವಾಗಿ ಬರೆದು, ಪುಟಕ್ಕೆ ಬಾಳೆಯೆಲೆಯ ಹಸುರು ಬಣ್ಣ ಕೊಟ್ಟಿದ್ದಾರೆ. ಗೂಗಲ್ ಸಂಸ್ಥೆಯ ಆಡ್‌ಸೆನ್ಸ್ ಮೂಲಕ ಅಲ್ಲಿಗೆ ಜಾಹೀರಾತುಗಳು ಬರುತ್ತವೆ. ಅದರಿಂದ ಮನೆಖರ್ಚಿಗೆ ನಾಲ್ಕು ಕಾಸು ಒದಗುತ್ತದೆ. ಆದರೆ ಆ ಜಾಹೀರಾತುಗಳ ಬಿಳಿಯ ಚೌಕ ಹಸುರು ಪುಟದಲ್ಲಿ ತೇಪೆ ಹಚ್ಚಿದಂತೆ ಕಾಣುತ್ತದೆ. ಅದನ್ನು ಪುಟಕ್ಕೆ ಒಪ್ಪುವಂತೆ ಅಲಂಕರಿಸಬೇಕೆಂಬ ಆಸೆ ಸಹಜವೇ. ಆದರೆ ಎಲ್ಲಿಯವರೆಗೆ ಅಲಂಕರಿಸಬಹುದು? ಎಲ್ಲಿ ನಿಲ್ಲಬೇಕು? ಈ ಎಲ್ಲೆಯನ್ನರಿಯದೆ ಕೈಯಾಡಿಸಿದರೆ ಖಾತೆಯೇ ಮುಚ್ಚಿಹೋಗಬಹುದು. ವರ್ಷಗಟ್ಟಲೆ ದುಡಿದು ಕಂಡುಕೊಂಡ ಆದಾಯ ಒಂದೇ ದಿನದಲ್ಲಿ ನಿಂತುಹೋಗಬಹುದು.

ಬೆಳೆದು ಬಂದ ಬಗೆ

1994ರ ಅಕ್ಟೋಬರ್ 27ರಂದು ಅಮೆರಿಕದ ‘ಹಾಟ್‌ವೈರ್ಡ್’ ಎಂಬ ಜಾಲಪತ್ರಿಕೆ ಎ.ಟಿ. ಅಂಡ್ ಟಿ. ಕಂಪನಿಯ ಜಾಹೀರಾತೊಂದನ್ನು ಪ್ರಕಟಿಸಿತು. ಅಗಲವಾದ, ಗಿಡ್ಡನೆಯ ಪಟ್ಟಿ ಅದು. ಪಟ್ಟಿ ಜಾಹೀರಾತುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಅಲ್ಲಿಂದಲೇ ಆರಂಭಿಸುತ್ತಾರೆ. ಓದುಗರ ಕಣ್ಣು ಬಹುಬೇಗ ಪಳಗಿತು. ಪುಟದಲ್ಲಿ ಪಟ್ಟಿಯಂತೆ ಕಂಡದ್ದನ್ನೆಲ್ಲ ಜನರು ನೋಡಿಯೂ ನೋಡದಂತೆ ದಾಟಿಹೋಗುವುದನ್ನು 1998ರಲ್ಲಿಯೇ ಬೆನ್‌ವೇ ಮತ್ತು ಲೇನ್ ಎಂಬ ಸಂಶೋಧಕರು ಗುರುತಿಸಿ, ಅದನ್ನು ಒಂದು ಬಗೆಯ ಕುರುಡೆಂದೇ ಕರೆದರು.

2003ರಲ್ಲಿ ಆಡ್‌ಸೆನ್ಸ್ ಬಂದಾಗ ಸಣ್ಣಪುಟ್ಟ ತಾಣದವರಿಗೂ ಆದಾಯದ ದಾರಿ ತೆರೆಯಿತು. ಮೊದಲ ವರ್ಷಗಳಲ್ಲಿ ಅಕ್ಷರ ಜಾಹೀರಾತುಗಳ ಶೀರ್ಷಿಕೆ, ಹಿನ್ನೆಲೆ, ಅಂಚು ಇವುಗಳ ಬಣ್ಣವನ್ನು ತಾಣದವರೇ ಆರಿಸಬಹುದಾಗಿತ್ತು. ಪುಟದೊಡನೆ ಬೆರೆಯಿಸುವುದು, ಪುಟಕ್ಕೆ ಪೂರಕವಾಗಿಸುವುದು, ಇಲ್ಲವೇ ಎದ್ದು ಕಾಣಿಸುವುದು ಎಂಬ ಮೂರು ಮಾರ್ಗಗಳನ್ನು ಗೂಗಲ್ ಸಂಸ್ಥೆಯೇ ಸೂಚಿಸುತ್ತಿತ್ತು.

ಬೆರೆಯಿಸುವ ಉಪಾಯ ಕೆಲವರ ಕೈಯಲ್ಲಿ ಅತಿಗೆ ಹೋಯಿತು. ಸಾಲಾಗಿ ನಿಂತ ನಾಲ್ಕು ಜಾಹೀರಾತುಗಳ ಮೇಲೆ ಸಾಲಾಗಿ ನಾಲ್ಕು ಚಿತ್ರಗಳನ್ನಿಟ್ಟು, ಚಿತ್ರವೂ ಜಾಹೀರಾತೂ ಒಂದೇ ಎಂದು ತೋರುವಂತೆ ಮಾಡಿದರು. ಚಿತ್ರದ ಆಸೆಯಿಂದ ಒತ್ತಿದವನು ಮತ್ತೆಲ್ಲಿಗೋ ಹೋಗಿ ಬೀಳುತ್ತಿದ್ದನು. 2006ರ ಡಿಸೆಂಬರ್‌ನಲ್ಲಿ ಸಂಸ್ಥೆ ಇದು ಸಲ್ಲದೆಂದು ಸ್ಪಷ್ಟಪಡಿಸಿತು. ಎರಡಕ್ಕೂ ಸಂಬಂಧವಿರುವಂತೆ ತೋರುತ್ತಿದ್ದರೆ ನಡುವೆ ಒಂದು ಗೆರೆ ಎಳೆದ ಮಾತ್ರಕ್ಕೆ ತಪ್ಪು ಒಪ್ಪಾಗುವುದಿಲ್ಲವೆಂದೂ ಹೇಳಿತು. ಹೆಸರಿಗೊಂದು ಗೆರೆಯಿದ್ದರೆ ಸಾಲದು. ಅದರಿಂದ ಓದುಗನಿಗೆ ವ್ಯತ್ಯಾಸ ತಿಳಿಯಬೇಕು.

ಕೈಯಿಡಬಾರದ ಕಡೆ

ಜಾಹೀರಾತು ತಾಣದ ಒಡೆಯನ ಸ್ವತ್ತಲ್ಲ. ಪುಟದಲ್ಲಿ ಒಂದು ಸಣ್ಣ ಸಂಕೇತವಾಕ್ಯವನ್ನು ಅಂಟಿಸಿದರೆ, ಅದು ಸಂಸ್ಥೆಯ ಗಣಕಯಂತ್ರದಿಂದ ಜಾಹೀರಾತನ್ನು ತರಿಸಿ, ಸಾಮಾನ್ಯವಾಗಿ ‘ಐಫ್ರೇಮ್’ ಎಂಬ ಪ್ರತ್ಯೇಕ ಚೌಕಟ್ಟಿನಲ್ಲಿ ಕೂರಿಸುತ್ತದೆ. ಪುಟದ ಬಣ್ಣ, ಅಳತೆ, ಅಕ್ಷರಗಳನ್ನು ನಿರ್ದೇಶಿಸುವ ಸಿ.ಎಸ್.ಎಸ್. ಸೂತ್ರಗಳು ಆ ಚೌಕಟ್ಟಿನೊಳಗೆ ಪ್ರವೇಶಿಸಲಾರವು. ಬಾಡಿಗೆದಾರನ ಕೋಣೆಯ ಹೊರಗೋಡೆಗೆ ಸುಣ್ಣ ಬಳಿಯಬಹುದು; ಒಳಗಿನ ಸಾಮಾನನ್ನು ಅತ್ತಿತ್ತ ಮಾಡುವಂತಿಲ್ಲ.

ಸಂಕೇತವಾಕ್ಯವನ್ನು ತಿದ್ದಿ ಜಾಹೀರಾತಿನ ಫಲವನ್ನು ಕೃತಕವಾಗಿ ಹೆಚ್ಚಿಸುವುದು ನಿಷಿದ್ಧ. ‘ಇಲ್ಲಿ ಒತ್ತಿರಿ’, ‘ನಮ್ಮನ್ನು ಪೋಷಿಸಿರಿ’ ಎಂದು ಬರೆಯುವುದಾಗಲಿ, ಜಾಹೀರಾತಿನ ಕಡೆಗೆ ಬಾಣದ ಗುರುತು ಹಾಕುವುದಾಗಲಿ ಕೂಡದು. ತನ್ನ ತಾಣದ ಜಾಹೀರಾತನ್ನು ತಾನೇ ಒತ್ತುವುದೂ ಅಪರಾಧವೇ. ಮೇಲೆ ಶೀರ್ಷಿಕೆ ಹಾಕುವುದಾದರೆ ‘ಜಾಹೀರಾತುಗಳು’ ಅಥವಾ ‘ಪ್ರಾಯೋಜಿತ ಕೊಂಡಿಗಳು’ ಎಂಬರ್ಥದ ಎರಡಕ್ಕೇ ಅನುಮತಿ. ‘ಇನ್ನಷ್ಟು ರುಚಿಕರ ಅಡುಗೆಗಳು’ ಎಂಬ ತಲೆಬರಹದ ಕೆಳಗೆ ಜಾಹೀರಾತನ್ನಿಟ್ಟರೆ ಅದು ಅಲಂಕಾರವಲ್ಲ, ವಂಚನೆ.

ಅಲಂಕಾರಕ್ಕೆ ಅವಕಾಶ

ಹಾಗಾದರೆ ನಮ್ಮ ಗೃಹಿಣಿ ಮಾಡಬಹುದಾದುದೇನು? ಸಾಕಷ್ಟಿದೆ. ಜಾಹೀರಾತಿನ ಸುತ್ತಲಿನ ಆವರಣ ಅವರದೇ. ಅದಕ್ಕೆ ತಿಳಿಹಸುರಿನ ಹಿನ್ನೆಲೆ ಕೊಡಬಹುದು, ತೆಳ್ಳನೆಯ ಅಂಚು ಕಟ್ಟಬಹುದು, ನಡುಮಧ್ಯಕ್ಕೆ ತರಬಹುದು, ಮೇಲೂ ಕೆಳಗೂ ಧಾರಾಳವಾಗಿ ತೆರಪು ಬಿಡಬಹುದು. ಈ ತೆರಪು ಚೆಲುವಿಗಷ್ಟೇ ಅಲ್ಲ. ‘ಮುಂದಿನ ಪುಟ’ ಎಂಬ ಗುಂಡಿಗೂ ಜಾಹೀರಾತಿಗೂ ನಡುವೆ ಅಂತರವಿದ್ದರೆ ಬೆರಳು ತಪ್ಪಿ ಬೀಳುವುದಿಲ್ಲ. ಚಿಕ್ಕ ಪರದೆಯ ಮೊಬೈಲಿನಲ್ಲಿ ಇದನ್ನು ಮುಖ್ಯವಾಗಿ ಗಮನಿಸಬೇಕು.

ಪರದೆಯ ಅಗಲಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ಜಾಹೀರಾತುಗಳ ಅಳತೆಯನ್ನು ಸಿ.ಎಸ್.ಎಸ್. ಮೂಲಕ ಗೊತ್ತುಪಡಿಸಲು ಸಂಸ್ಥೆಯೇ ವಿಧಾನವನ್ನು ತಿಳಿಸಿಕೊಟ್ಟಿದೆ. ಆವರಣಕ್ಕೆ ಕನಿಷ್ಠ ಎತ್ತರವನ್ನು ಮೊದಲೇ ನಿಗದಿ ಮಾಡಿದರೆ, ತಡವಾಗಿ ಬಂದ ಜಾಹೀರಾತು ಬರಹವನ್ನು ದಿಢೀರನೆ ಕೆಳಕ್ಕೆ ತಳ್ಳುವುದು ತಪ್ಪುತ್ತದೆ. ಗೂಗಲ್ 2020ರಲ್ಲಿ ಪ್ರಕಟಿಸಿದ ಪುಟಗಳ ಗುಣಮಾಪನದಲ್ಲಿ ಈ ಜಿಗಿತದ ಲೆಕ್ಕವೂ ಸೇರಿದೆ, ಅದು 0.1ನ್ನು ಮೀರದಿದ್ದರೆ ಉತ್ತಮವೆಂದು ಎಣಿಕೆ.

2017ರಲ್ಲಿ ಬಂದ ಮತ್ತೊಂದು ಬಗೆಯ ಜಾಹೀರಾತುಗಳಲ್ಲಿ ಅಕ್ಷರ, ಬಣ್ಣ, ಹಿನ್ನೆಲೆಗಳನ್ನು ಪುಟದ ರೂಪಕ್ಕೆ ಹೊಂದಿಸಿಕೊಳ್ಳಲು ಖಾತೆಯಲ್ಲಿಯೇ ಸೌಲಭ್ಯವಿದೆ. ಆದರೆ ಅಲ್ಲಿಯೂ ಇದು ಜಾಹೀರಾತೆಂದು ಸಾರುವ ಗುರುತನ್ನು ಅಳಿಸುವಂತಿಲ್ಲ. ಇನ್ನು ಸಂಖ್ಯೆಯ ವಿಚಾರ: ಒಂದು ಪುಟಕ್ಕೆ ಮೂರೇ ಎಂಬ ಹಳೆಯ ಮಿತಿಯನ್ನು 2016ರಲ್ಲಿ ತೆಗೆದುಹಾಕಿದರು. ಅದರ ಬದಲು, ಜಾಹೀರಾತು ಪುಟದ ಬರಹವನ್ನು ಮೀರಬಾರದೆಂಬ ನಿಯಮ ಬಂದಿತು. ಊಟಕ್ಕಿಂತ ಉಪ್ಪಿನಕಾಯಿ ಹೆಚ್ಚಾಗಬಾರದೆಂಬ ವಿವೇಕವೇ ಇದು.

ನಿಯಮದ ಹಿಂದಿನ ನ್ಯಾಯ

ದೊಡ್ಡ ಸಂಸ್ಥೆಯೊಂದು ಸಣ್ಣವರ ಮೇಲೆ ಹೇರಿದ ಕಟ್ಟಳೆಗಳೆಂದು ಇವನ್ನು ಕಂಡು ಬೇಸರಪಡುವವರುಂಟು. ಆದರೆ ಈ ವ್ಯವಹಾರದಲ್ಲಿ ಕಣ್ಣಿಗೆ ಕಾಣದ ಇನ್ನಿಬ್ಬರಿದ್ದಾರೆ. ಒಬ್ಬನು ಹಣ ತೆರುವ ವ್ಯಾಪಾರಿ. ಅವನೂ ಎಲ್ಲಿಯೋ ಒಂದು ಚಿಕ್ಕ ಅಂಗಡಿಯವನಿರಬಹುದು. ಬೆರಳು ತಪ್ಪಿ ಒತ್ತಿದ ಒಂದೊಂದು ಕ್ಲಿಕ್ಕಿಗೂ ಅವನು ಹಣ ಕಳೆದುಕೊಳ್ಳುತ್ತಾನೆ. 2023ರ ನವೆಂಬರ್‌ನಲ್ಲಿ ಗೂಗಲ್ ಸಂಸ್ಥೆ ತಾಣದವರಿಗೆ ಕ್ಲಿಕ್ಕಿನ ಬದಲು ಪ್ರದರ್ಶನದ ಲೆಕ್ಕದಲ್ಲಿ ಹಣ ಕೊಡುವುದಾಗಿ ಸಾರಿದರೂ, ಕಪಟ ಕ್ಲಿಕ್ಕುಗಳ ನಿಷೇಧವನ್ನು ಸಡಿಲಿಸಲಿಲ್ಲ. ಇನ್ನೊಬ್ಬನು ಓದುಗ. ಅವನ ಪರವಾಗಿ ನಮ್ಮ ದೇಶದ ಕಾನೂನೂ ಮಾತನಾಡಿದೆ. ಗ್ರಾಹಕರನ್ನು ಮರುಳುಗೊಳಿಸುವ 13 ಬಗೆಯ ವಿನ್ಯಾಸಗಳನ್ನು ನಿಷೇಧಿಸಿ 2023ರ ನವೆಂಬರ್ 30ರಂದು ಹೊರಟ ಕೇಂದ್ರದ ಮಾರ್ಗಸೂಚಿಯಲ್ಲಿ ವೇಷ ಮರೆಸಿದ ಜಾಹೀರಾತೂ ಒಂದು.

ಅಪ್ಪೆಹುಳಿಯ ಕ್ರಮವನ್ನು ಓದಲು ಬಂದವರು ಆ ಗೃಹಿಣಿಯನ್ನು ನಂಬಿ ಬಂದವರು. ಒಮ್ಮೆ ಮೋಸಹೋದವರು ದೂರು ಕೊಡುವುದಿಲ್ಲ. ಮರಳಿ ಬರುವುದಿಲ್ಲ, ಅಷ್ಟೆ. ಮುಚ್ಚಿದ ಖಾತೆಯನ್ನು ತೆರೆಸಲು ಮನವಿ ಸಲ್ಲಿಸುವ ದಾರಿಯಾದರೂ ಇದೆ. ಹೋದ ಓದುಗನನ್ನು ಮರಳಿ ಕರೆಯಲು ಯಾವ ಮನವಿಪತ್ರವೂ ಇಲ್ಲ.