ನಾಲ್ಕು ಹೆಜ್ಜೆ ಕುಪ್ಪಳಿಸುವ ಪುಟ್ಟ ನಾಯಿ

ಮುಧೋಳ ಅಂದರೆ ನೀಳಗಾಲಿನ ಬೇಟೆನಾಯಿ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವೇ ಇದೆ. ಆದರೆ ಸುತ್ತಲಿನ ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಯಲ್ಲಿ ಪಾಮೇರಿಯನ್, ಪಗ್ ಸಾಕುವವರು ಗಮನಿಸಬೇಕಾದ್ದು ಬೇರೆ: ಓಡುತ್ತಲೇ ಹಿಂಗಾಲೆತ್ತಿ ನಾಲ್ಕು ಹೆಜ್ಜೆ ಕುಪ್ಪಳಿಸಿ, ಮತ್ತೆ ಏನೂ ಆಗದಂತೆ ಓಡುವುದು. ಮಂಡಿಚಿಪ್ಪು ತನ್ನ ತೋಡಿನಿಂದ, ಹೆಚ್ಚಾಗಿ ಒಳಬದಿಗೆ, ಜಾರಿ ತಾನೇ ಮರಳಿರಬಹುದು. "ಸರಿಹೋಯ್ತಲ್ಲ" ಎಂದು ಬಿಡಬೇಡಿ; ಪದೇ ಪದೇ ಜಾರಿದರೆ ಮೃದ್ವಸ್ಥಿ ಸವೆಯುತ್ತದೆ.

ಹಾಗಂತ ಎಲ್ಲಕ್ಕೂ ಶಸ್ತ್ರಚಿಕಿತ್ಸೆಯೇ? ಅಲ್ಲ. ವೈದ್ಯರು ಚಿಪ್ಪಿನ ಈ ಜಾರುವಿಕೆಯನ್ನು 4 ದರ್ಜೆಗಳಲ್ಲಿ ಅಳೆಯುತ್ತಾರೆ. ಮೊದಲ ದರ್ಜೆಯಲ್ಲಿ ತೂಕ ಇಳಿಸಿ, ನುಣುಪು ಫರಸಿಯ ಮೇಲೆ ಚಾಪೆ ಹಾಸಿದರೆ ಎಷ್ಟೋ ನಾಯಿಗಳು ಆರಾಮಾಗಿರುತ್ತವೆ. 3, 4ನೇ ದರ್ಜೆಯಲ್ಲಿ ಕುಂಟುತ್ತಿದ್ದರೆ ತೋಡು ಆಳಗೊಳಿಸುವ ಶಸ್ತ್ರಚಿಕಿತ್ಸೆ ಮುಂದೂಡಬಾರದು. ಬೆಳೆಯುವ ಮರಿಯಲ್ಲಿ ಮೂಳೆಯೇ ಸೊಟ್ಟಗಾಗಬಹುದು. ದೋಷ ಬಹುಮಟ್ಟಿಗೆ ವಂಶದ್ದು, ಆದ್ದರಿಂದ ಅಂಥ ನಾಯಿಯಿಂದ ಮರಿ ಮಾಡಿಸಬೇಡಿ.